ಮೆಗಾವ್ಯಾಟಿನ ಲೆಕ್ಕ, ಗಂಟೆಯ ಲೆಕ್ಕ

ವಿದ್ಯುತ್ ಸ್ಥಾವರವೊಂದರ ಸಾಮರ್ಥ್ಯ ನೂರು ಮೆಗಾವ್ಯಾಟ್ ಎಂದ ಮಾತ್ರಕ್ಕೆ ಅದು ವರ್ಷಕ್ಕೆ ಎಷ್ಟು ವಿದ್ಯುತ್ ಕೊಡುತ್ತದೆ ಎಂಬುದು ತಿಳಿಯುವುದಿಲ್ಲ. ನೂರು ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ವರ್ಷದ ಮೂರರಲ್ಲಿ ಎರಡು ಪಾಲು ಹೊತ್ತು ಪೂರ್ಣ ಪ್ರಮಾಣದಲ್ಲಿ ನಡೆದರೆ ಸುಮಾರು 58 ಕೋಟಿ ಯೂನಿಟ್ ಸಿಗುತ್ತದೆ. ಅಷ್ಟೇ ಸಾಮರ್ಥ್ಯದ ಸೌರ ಸ್ಥಾವರ ಬಯಲುಸೀಮೆಯ ಒಳ್ಳೆಯ ಬಿಸಿಲಿನಲ್ಲೂ ಕೊಡುವುದು 17-18 ಕೋಟಿ ಯೂನಿಟ್. 2025ರ ಮಧ್ಯಭಾಗದ ಹೊತ್ತಿಗೆ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಂಥ ಪಳೆಯುಳಿಕೆ ಇಂಧನಗಳಿಂದ ಹೊರತಾದದ್ದೆಂದು ಸರ್ಕಾರ ಪ್ರಕಟಿಸಿತು. ಅದೇ ವರ್ಷ ದೇಶದಲ್ಲಿ ಉರಿದ ಬಲ್ಬುಗಳಿಗೆ, ತಿರುಗಿದ ಮೋಟರುಗಳಿಗೆ ಬಂದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಮೂರರಲ್ಲಿ ಎರಡಕ್ಕಿಂತ ಹೆಚ್ಚೇ ಇತ್ತು. ಎರಡು ಮಾತೂ ನಿಜ. ಮೊದಲನೆಯದು ಭಾಷಣಕ್ಕೆ ಒದಗುತ್ತದೆ. ವಿದ್ಯುತ್ ಜಾಲವನ್ನು ದಿನವಿಡೀ ಕಾಯುವ ಎಂಜಿನಿಯರಿಗೆ ಬೇಕಾದದ್ದು ಎರಡನೆಯದು.

ಬಿಸಿಲು, ಗಾಳಿ, ಹರಿವ ನೀರು, ಸಗಣಿ, ಕಬ್ಬಿನ ಸಿಪ್ಪೆ ಇವುಗಳಿಂದ ಪಡೆಯುವ ಶಕ್ತಿಯ ಗುಣದೋಷಗಳನ್ನು ತೂಗುವಾಗ ಈ ವ್ಯತ್ಯಾಸ ಮೊದಲು ಮನಸ್ಸಿನಲ್ಲಿರಬೇಕು. ರಾಯಚೂರಿನ 1,720 ಮೆಗಾವ್ಯಾಟಿನ ಉಷ್ಣ ಸ್ಥಾವರ ಪೂರ್ತಿ ನಡೆಯಬೇಕಾದರೆ ದಿನಕ್ಕೆ ಏಳೆಂಟು ಗೂಡ್ಸ್ ರೈಲಿನ ಕಲ್ಲಿದ್ದಲು ಬೇಕು. ಅದು ಸಿಂಗರೇಣಿಯಿಂದಲೋ ಮಹಾರಾಷ್ಟ್ರ, ಒಡಿಶಾದ ಗಣಿಗಳಿಂದಲೋ ಬರಬೇಕು. ಬಿಸಿಲಿಗೂ ಗಾಳಿಗೂ ಈ ಸಾಗಣೆಯಿಲ್ಲ, ಬಿಲ್ಲಿಲ್ಲ, ಬೂದಿಯಿಲ್ಲ. ಆದರೆ ಕಲ್ಲಿದ್ದಲನ್ನು ಬೇಕಾದ ಹೊತ್ತಿಗೆ ಉರಿಸಬಹುದು. ಬಿಸಿಲು ತನ್ನ ಹೊತ್ತಿಗೇ ಬರುತ್ತದೆ, ತನ್ನ ಜಾಗಕ್ಕೇ ಬರುತ್ತದೆ. ಈ ಮೂಲಗಳ ಅನುಕೂಲವೂ ತೊಡಕೂ ಹೆಚ್ಚಿನಂಶ ಹೊತ್ತು ಮತ್ತು ಜಾಗ ಎಂಬ ಈ ಎರಡರಲ್ಲೇ ಅಡಗಿವೆ. ಮೂಲಗಳಲ್ಲಿ ಬಹುತೇಕ ಎಲ್ಲವೂ ಒಂದೇ ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿರುವುದರಿಂದ ಕರ್ನಾಟಕ ಇದನ್ನು ಪರೀಕ್ಷಿಸಲು ಒಳ್ಳೆಯ ನೆಲ.

ಇಲ್ಲಿ ಮೊದಲು ಬಂದದ್ದು ನೀರು. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು; ಬೆಂಗಳೂರಿನ ಬೀದಿದೀಪಕ್ಕೆ 1905ರವರೆಗೆ ಕಾಯಬೇಕಾಯಿತು. ಉತ್ಪಾದನೆಯ ಜಾಗ ಒಂದು, ಬಳಕೆಯ ಜಾಗ ಇನ್ನೊಂದು ಎಂಬ ಏರ್ಪಾಟು ಅಂದಿನಿಂದಲೇ ಬಂದದ್ದು. ನಂತರ 1948ರಲ್ಲಿ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಅದರ ಕೆಳಗೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ, ಮುಂದೆ ಕಾಳಿ, ವಾರಾಹಿ ಯೋಜನೆಗಳು ಬಂದವು. ಕಲ್ಲಿದ್ದಲು ಇಲ್ಲದ ರಾಜ್ಯ ಬಹುಕಾಲ ನಡೆದದ್ದು ಹೆಚ್ಚುಕಡಿಮೆ ನೀರಿನ ಬಲದಿಂದಲೇ.

ಜಲವಿದ್ಯುತ್ತಿನ ಹೆಚ್ಚುಗಾರಿಕೆ ಅದರ ಅಗ್ಗದ ದರದಲ್ಲಿ ಮಾತ್ರವಿಲ್ಲ. ಲಿಂಗನಮಕ್ಕಿಯಿಂದ ತಳಕಳಲೆಯ ಸಮತೋಲನ ಜಲಾಶಯಕ್ಕೆ ಬಂದ ನೀರನ್ನು ಕೊಳವೆಗಳಿಗೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಟರ್ಬೈನ್ ಪೂರ್ಣ ವೇಗಕ್ಕೆ ಬರುತ್ತದೆ. ತಣ್ಣಗಾದ ಉಷ್ಣ ಘಟಕವನ್ನು ಮತ್ತೆ ಹಚ್ಚಲು ಹಲವು ಗಂಟೆಗಳೇ ಬೇಕು. ಸಂಜೆ ಏಳಕ್ಕೆ ರಾಜ್ಯದ ಮನೆಗಳೆಲ್ಲ ಒಟ್ಟಿಗೆ ದೀಪ ಹಚ್ಚಿದಾಗ ಕೈಹಿಡಿಯುವುದು ಈ ನೀರು. ಹಳೆಯ ಮನೆಗಳ ಹಗೇವಿನಲ್ಲಿ ಜೋಳ ಕೂಡಿಟ್ಟಂತೆ ಮಲೆನಾಡಿನ ನಾಲ್ಕು ತಿಂಗಳ ಮಳೆ ಇಲ್ಲಿ ವರ್ಷದ ಬಳಕೆಗೆ ಕೂಡಿಟ್ಟಿರುತ್ತದೆ. ಗಾಳಿಗೂ ಬಿಸಿಲಿಗೂ ಇಲ್ಲದ ಈ ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯೂನಿಟ್ಟಿನ ದರವನ್ನಷ್ಟೇ ಹೋಲಿಸುವುದು ಅರ್ಧ ಲೆಕ್ಕ.

ಬೆಲೆ ತೆತ್ತವರು ಬೇರೆಯವರು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಕಾಡು ಕಡಿಸಿ ಕೂರಿಸಲಾಯಿತು. ಆ ಜಮೀನಿನಲ್ಲಿ ಬಹುಪಾಲು ಅರಣ್ಯ ದಾಖಲೆಯಿಂದ ಕ್ರಮಬದ್ಧವಾಗಿ ಹೊರಬರಲೇ ಇಲ್ಲ. ಅರವತ್ತು ವರ್ಷ ಕಳೆದ ಮೇಲೂ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಕೋರ್ಟು, ಸಚಿವಾಲಯಗಳ ನಡುವೆ ಓಡಾಡುತ್ತಿದೆ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಜನ ಸಾಗರದ ಪೇಟೆಗೆ ಬರಲು, ಆಸ್ಪತ್ರೆಗೆ ಹೋಗಲು ಲಾಂಚಿಗೆ ಕಾಯುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿನಲ್ಲಿ ವಾಹನ ಸಾಗಿಸುವುದೂ ನಿಲ್ಲುತ್ತಿತ್ತು. ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿದ್ಧವಾದದ್ದು 2025ರ ಜುಲೈಯಲ್ಲಿ. ಅಣೆಕಟ್ಟು ಕಟ್ಟಲು ಹಿಡಿದ ಕಾಲಕ್ಕೂ ಸೇತುವೆಗೆ ಕಾದ ಕಾಲಕ್ಕೂ ಇರುವ ಅಂತರವನ್ನು ಯಾವ ಯೋಜನಾ ವರದಿಯೂ ಖರ್ಚಿನ ಬಾಬಿಗೆ ಸೇರಿಸಿದ್ದಿಲ್ಲ.

ನದಿಗೆ ನೀರು ಪ್ರತಿ ಮಳೆಗಾಲವೂ ಬರುತ್ತದೆ ನಿಜ, ಜಲಾಶಯ ಮಾತ್ರ ಸವೆಯುತ್ತದೆ. ತುಂಗಭದ್ರೆಯ ಅಣೆಕಟ್ಟಿನಲ್ಲಿ ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. ಮುಳುಗಿದ ಕಾಡು ಕೊಳೆತು ಮೀಥೇನ್ ಬಿಡುವುದರಿಂದ ಉಷ್ಣವಲಯದ ಜಲಾಶಯಗಳು ಹವಾಮಾನದ ದೃಷ್ಟಿಯಿಂದಲೂ ಪೂರ್ಣ ನಿರಪರಾಧಿಗಳಲ್ಲ. 25 ಮೆಗಾವ್ಯಾಟಿಗಿಂತ ಹೆಚ್ಚಿನ ಜಲ ಯೋಜನೆಗಳನ್ನು ಕೇಂದ್ರ ಸರ್ಕಾರ ನವೀಕರಿಸಬಹುದಾದ ಮೂಲಗಳ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಅದಕ್ಕೆ ಮೊದಲು ಚಿಕ್ಕ ಯೋಜನೆಗಳಿಗೆ ಮಾತ್ರ ಆ ಮನ್ನಣೆಯಿತ್ತು. ಚಿಕ್ಕದೆಲ್ಲ ನಿರುಪದ್ರವಿ ಎಂಬ ಆ ನಂಬಿಕೆಗೂ ಆಧಾರ ಕಡಿಮೆ: ಘಟ್ಟದ ಒಂದೇ ಹೊಳೆಗೆ ಸಾಲಾಗಿ ನಾಲ್ಕು ಮಿನಿ ಹೈಡೆಲ್ ಕೂತರೆ ಮೀನಿಗೆ ದಾರಿಯೂ ಉಳಿಯದು, ಬೇಸಿಗೆಯ ಹರಿವೂ ಉಳಿಯದು.

ಬಿಸಿಲಿನ ಕತೆಗೆ ಪಾವಗಡಕ್ಕೆ ಬರಬೇಕು. ತುಮಕೂರು ಜಿಲ್ಲೆಯ ಈ ತಾಲ್ಲೂಕಿನಲ್ಲಿ ಬರ ಎಂಬುದು ಸುದ್ದಿಯಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಮೂರು ವರ್ಷಕ್ಕೊಮ್ಮೆ ಗೆಲ್ಲುವ ಊರುಗಳವು. ದುಡಿಯುವ ಕೈಗಳು ಬೆಂಗಳೂರಿಗೆ ಗುಳೆ ಹೋಗುವುದೂ ಅಲ್ಲಿ ವಾಡಿಕೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಎದ್ದಿತು. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ. ಇಲ್ಲಿ ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. 28 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಶರಾವತಿಯಲ್ಲಿ ನಡೆದದ್ದಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ, ಅದನ್ನು ಹೇಳಲೇಬೇಕು.

ಆದರೆ ಗುತ್ತಿಗೆಯ ಹಣ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಬರುತ್ತಿದ್ದ ಕೂಲಿಯವರ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಬೇರೆಯವರ ಹೊಲವನ್ನು ಬಾಯಿಮಾತಿನ ಮೇಲೆ ಪಾಲಿಗೆ ಮಾಡುತ್ತಿದ್ದವರ ಹೆಸರೂ ಇಲ್ಲ. ಬೆಳೆ ಕೊಯ್ದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ತಂತಿಬೇಲಿ ಅಡ್ಡ ಬಂತು. ಪಾರ್ಕಿನೊಳಗಿನ ಕೆಲಸವೆಂದರೆ ಫಲಕ ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು. 13,000 ಎಕರೆಯ ಬೇಸಾಯ ಸಾಕುತ್ತಿದ್ದ ಕೈಗಳಿಗೆಲ್ಲ ಅದು ಸಾಲದು. ಸೌರ ಪಾರ್ಕಿಗೆ ಬೇಕಾದ ‘ಬಂಜರು’ ಯಾರೋ ಒಬ್ಬರಿಗೆ ಮೇವಿನ ನೆಲವಾಗಿರುತ್ತದೆ, ಗೋಮಾಳವಾಗಿರುತ್ತದೆ.

ತಾಂತ್ರಿಕವಾಗಿ ಸೌರಫಲಕದಷ್ಟು ಸರಳವಾದ ಯಂತ್ರ ಇನ್ನೊಂದಿಲ್ಲ. ತಿರುಗುವ ಭಾಗವಿಲ್ಲ, ಸದ್ದಿಲ್ಲ, ಒಂದು ಮನೆಗೆ ಬೇಕಾದರೂ ಹಾಕಬಹುದು, ಸಾವಿರ ಎಕರೆಗೆ ಬೇಕಾದರೂ ಹರಡಬಹುದು. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂಬ ಊಹೆ ಮಾತ್ರ ಪೂರ್ತಿ ಸರಿಯಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಅದರ ಮೈ 25 ಡಿಗ್ರಿ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ 60 ಡಿಗ್ರಿ ಮುಟ್ಟಿದ ಫಲಕ ತನ್ನ ಶಕ್ತಿಯ ಹತ್ತನೆಯ ಒಂದು ಪಾಲನ್ನು ಹಾಗೆಯೇ ಕಳೆದುಕೊಂಡಿರುತ್ತದೆ. ಧೂಳು ಕೂತರೆ ಇನ್ನಷ್ಟು. ತೊಳೆಯಲು ನೀರು ಬೇಕು, ನೀರಿಲ್ಲವೆಂದೇ ಪಾವಗಡದ ಹೊಲ ಬೀಳು ಬಿದ್ದದ್ದು.

ದರದ ಇಳಿಕೆ ಯಾರೂ ಎಣಿಸದ ವೇಗದಲ್ಲಾಯಿತು. ರಾಷ್ಟ್ರೀಯ ಸೌರ ಮಿಷನ್ನಿನ ಮೊದಲ ಸುತ್ತಿನ ಹರಾಜಿನಲ್ಲಿ ಯೂನಿಟ್ಟಿಗೆ 12 ರೂಪಾಯಿ ಆಸುಪಾಸಿದ್ದ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44 ರೂಪಾಯಿಗೆ ಇಳಿಯಿತು. ಈ ಅಗ್ಗದ ಹಿಂದೆ ಚೀನಾದ ಕಾರ್ಖಾನೆಗಳಿವೆ. ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕಿಂತ ಹೆಚ್ಚು ಸಾಮರ್ಥ್ಯ ಆ ಒಂದು ದೇಶದಲ್ಲಿ ಕೂಡಿಕೊಂಡಿದೆ. ತೈಲಕ್ಕೆ ಕೊಲ್ಲಿಯ ಕಡೆ ನೋಡುವುದು ತಪ್ಪೀತು, ಆದರೆ ಪೂರ್ವದ ಕಡೆ ನೋಡುವುದು ಸದ್ಯಕ್ಕೆ ತಪ್ಪದು.

ಗಾಳಿಯ ಲೆಕ್ಕ ಒಂದು ಸೂತ್ರದ ಮೇಲೆ ನಿಂತಿದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅರ್ಧಕ್ಕಿಳಿದರೆ ಎಂಟರಲ್ಲಿ ಒಂದು ಪಾಲು. ಆದ್ದರಿಂದಲೇ ಗಾಳಿಯಂತ್ರಗಳು ಎಲ್ಲೆಂದರಲ್ಲಿ ಏಳುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಸಾಲು, ಗದಗ ಸೀಮೆಯ ಗುಡ್ಡ ಮತ್ತು ಎರೆಬಯಲುಗಳಲ್ಲಿ ಮುಂಗಾರಿನ ಗಾಳಿಗೆ ತಡೆಯಿಲ್ಲ, ಯಂತ್ರಗಳು ಅಲ್ಲೇ ದಟ್ಟವಾಗಿವೆ. ಎಷ್ಟೇ ಒಳ್ಳೆಯ ಯಂತ್ರವಾದರೂ ಗಾಳಿಯ ಶಕ್ತಿಯಲ್ಲಿ ಶೇ 59.3ಕ್ಕಿಂತ ಹೆಚ್ಚನ್ನು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲೇ ತೋರಿಸಿಕೊಟ್ಟರು.

ಸೌರಕ್ಕೆ ಹೋಲಿಸಿದರೆ ಗಾಳಿಯಂತ್ರ ಕಡಿಮೆ ನೆಲ ತಿನ್ನುತ್ತದೆ. ಬುಡಕ್ಕೂ ದಾರಿಗೂ ಬೇಕಾದಷ್ಟು ಬಿಟ್ಟರೆ ಸುತ್ತ ಜೋಳ, ಕಡಲೆ, ಹತ್ತಿ ಬೆಳೆಯಲು ಅಡ್ಡಿಯಿಲ್ಲ. ಬಯಲಿಗೆ ಒಪ್ಪುವ ಈ ಮಾತು ಗುಡ್ಡಕ್ಕೆ ಒಪ್ಪುವುದಿಲ್ಲ. ಐವತ್ತು ಮೀಟರಿಗೂ ಉದ್ದದ ರೆಕ್ಕೆಯನ್ನು ಹೊತ್ತ ಲಾರಿ ಮೇಲಕ್ಕೇರಬೇಕಾದರೆ ಅಗಲವಾದ ರಸ್ತೆಯನ್ನು ತಿರುವು ತಿರುವಾಗಿ ಕೊರೆಯಬೇಕು. ಮಳೆಗೆ ಆ ಕೊರೆತದ ಮಣ್ಣು ಇಳಿದು ಬರುತ್ತದೆ. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೂ ಅಲ್ಲಿ ಗಾಳಿಯಂತ್ರಗಳ ಚರ್ಚೆ ಮುಗಿದಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹುಲ್ಲುಬಯಲುಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಗೆ ಯಂತ್ರಕ್ಕಿಂತ ಅದರಿಂದ ಹೊರಡುವ ತಂತಿಯೇ ಹೆಚ್ಚು ಅಪಾಯ: ಭಾರದ ಮೈ, ಎದುರಿಗಿರುವುದು ಚೆನ್ನಾಗಿ ಕಾಣದ ಕಣ್ಣು, ತಂತಿ ಹತ್ತಿರ ಬಂದ ಮೇಲೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ.

ಕಬ್ಬಿನ ಸಿಪ್ಪೆಯ ವಿಷಯ ಚಿಕ್ಕದು. ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇ 30 ಸಿಪ್ಪೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಅದನ್ನು ಉರಿಸಿ ತಮ್ಮ ಕೆಲಸ ಮುಗಿಸಿಕೊಂಡು ಮಿಕ್ಕ ವಿದ್ಯುತ್ತನ್ನು ಮಾರುತ್ತವೆ. ಹಂಗಾಮು ನವೆಂಬರಿನ ಸುಮಾರಿಗೆ ಹಿಡಿದು ಬೇಸಿಗೆಗೆ ಮುಗಿಯುತ್ತದೆ. ಕಬ್ಬಿಗೆ ಕುಡಿಸುವ ನೀರನ್ನು ಲೆಕ್ಕಕ್ಕೆ ಹಿಡಿದರೆ ಇದನ್ನು ಕಸದಿಂದ ರಸ ಎಂದು ಹೊಗಳುವುದು ಕಷ್ಟ, ಆದರೆ ಹೇಗೂ ಬೆಳೆದ ಕಬ್ಬಿನ ಸಿಪ್ಪೆ ಬಯಲಲ್ಲಿ ಕೊಳೆಯುವುದಕ್ಕಿಂತ ಇದು ವಾಸಿ.

ಸಗಣಿಯ ಅನಿಲ ಇದಕ್ಕಿಂತ ಹೆಚ್ಚು ಹೇಳುತ್ತದೆ. ಒಂದು ಘನಮೀಟರ್ ಗೋಬರ್ ಗ್ಯಾಸಿಗೆ ಸುಮಾರು 25 ಕೆ.ಜಿ. ಸಗಣಿ ಬೇಕು, ನಾಲ್ಕೈದು ದನವಿರುವ ಮನೆಯಲ್ಲಿ ಎರಡು ಘನಮೀಟರಿನ ಸ್ಥಾವರ ಎರಡು ಹೊತ್ತಿನ ಅಡುಗೆಗೆ ಸಾಕಾಗುತ್ತದೆ. ಶಿರಸಿ, ಸಿದ್ದಾಪುರ, ಸಾಗರದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಇದು ನೆಲೆಯೂರಿದ್ದಕ್ಕೆ ಕಾರಣ ಗ್ಯಾಸೊಂದೇ ಅಲ್ಲ, ಹೊರಬರುವ ಬಗ್ಗಡ ನೇರ ತೋಟಕ್ಕೆ ಹೋಗುತ್ತದೆ. ದನವೂ ತೋಟವೂ ಇಲ್ಲದ ಮನೆಗೆ ಸಬ್ಸಿಡಿ ಕೊಟ್ಟು ಕಟ್ಟಿಸಿದ ಸ್ಥಾವರಗಳು ಎಷ್ಟೋ ಕಡೆ ಮಣ್ಣು ಮುಚ್ಚಿ ಹೋಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಸಗಣಿ ಅನಿಲ ಸ್ಥಾವರ ಕಟ್ಟಿತ್ತು. ಅಡುಗೆಗೆ ಅನಿಲ ಕೊಡುವ ಮೊದಲ ಯೋಜನೆ ಬಾಳಲಿಲ್ಲ, ಊರಿನ ಸಗಣಿ ಎಲ್ಲರ ಒಲೆಗೂ ಸಾಲುತ್ತಿರಲಿಲ್ಲ. ಊರಿನವರಿಗೆ ಬೇಕಾದದ್ದು ಕುಡಿಯುವ ನೀರು ಮತ್ತು ದೀಪ ಎಂದು ಅರ್ಥವಾದ ಮೇಲೆ 1987ರಲ್ಲಿ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ಮಾಡಿ ನಲ್ಲಿಗೆ ನೀರು, ಮನೆಗೆ ಬೆಳಕು ಕೊಟ್ಟಾಗ ಅದು ವರ್ಷಗಟ್ಟಲೆ ನಡೆಯಿತು. ಸಗಣಿ ತಂದು ಹಾಕಿದವರಿಗೆ ಬಗ್ಗಡ ಗೊಬ್ಬರವಾಗಿ ವಾಪಸು ಸಿಗುತ್ತಿತ್ತು. ಯಂತ್ರ ಒಂದೇ, ಸಗಣಿ ಅದೇ. ಊರನ್ನು ಕೇಳಿ ಮಾಡಿದ್ದಕ್ಕೂ ಕೇಳದೆ ಮಾಡಿದ್ದಕ್ಕೂ ಫಲ ಬೇರೆಯಾಯಿತು.

ಇಷ್ಟೂ ಮೂಲಗಳನ್ನು ಕ್ಯಾಲೆಂಡರಿನ ಮೇಲೆ ಹರಡಿ ನೋಡಿದರೆ ಒಂದು ಹೊಂದಾಣಿಕೆ ಕಾಣುತ್ತದೆ. ಜನವರಿಯಿಂದ ಮೇವರೆಗೆ ಬಿಸಿಲು ತುಂಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿದರೂ ಗಾಳಿ ಜೋರು, ಜಲಾಶಯಗಳೂ ತುಂಬುತ್ತವೆ. ನವೆಂಬರಿನಿಂದ ಸಿಪ್ಪೆ ಉರಿಯತೊಡಗುತ್ತದೆ. ನಡುವೆ ಒಂದು ಬಿರುಕಿದೆ, ಅದು ಅಕ್ಟೋಬರ್. 2023ರಲ್ಲಿ ರಾಜ್ಯ ಬಿದ್ದದ್ದು ಈ ಬಿರುಕಿನಲ್ಲೇ. ಮುಂಗಾರು ಕೈಕೊಟ್ಟು 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಲಿಂಗನಮಕ್ಕಿ ತುಂಬಲಿಲ್ಲ. ಮಳೆಯಾಗಿದ್ದರೆ ನಿಂತಿರಬೇಕಿದ್ದ ಲಕ್ಷಾಂತರ ಪಂಪ್‌ಸೆಟ್‌ಗಳು ಬೆಳೆ ಉಳಿಸಿಕೊಳ್ಳಲು ಓಡಿದವು. ಸಾಮಾನ್ಯವಾಗಿ ಬೇಡಿಕೆ ತಗ್ಗುವ ಆ ತಿಂಗಳಲ್ಲಿ ಅದು 15,000 ಮೆಗಾವ್ಯಾಟ್ ದಾಟಿತು. ಗಾಳಿಯ ಕಾಲ ಮುಗಿದಿತ್ತು, ಕಬ್ಬು ಇನ್ನೂ ಹೊಲದಲ್ಲಿತ್ತು. ಮಧ್ಯಾಹ್ನ ಬಿಸಿಲಿನ ವಿದ್ಯುತ್ತಿಗೆ ಕೊರತೆಯಿರಲಿಲ್ಲ, ಸೂರ್ಯ ಇಳಿದ ಮೇಲೆ ಲೋಡ್ ಶೆಡ್ಡಿಂಗ್. ರೈತರಿಗೆ ಏಳು ಗಂಟೆ ಕೊಡುತ್ತಿದ್ದ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು, ಬೀದಿಗಿಳಿದ ರೈತರು ಉಪಕೇಂದ್ರಗಳ ಮುಂದೆ ಕೂತರು. ಕೊನೆಗೆ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಮುಂದೆ ತೀರಿಸುವ ಕರಾರಿನ ಮೇಲೆ ಕಡ ವಿದ್ಯುತ್ ತರಬೇಕಾಯಿತು. ನವೀಕರಿಸಬಹುದಾದ ಮೂಲಗಳಲ್ಲಿ ದೇಶದ ಮುಂಚೂಣಿಯಲ್ಲಿದ್ದ ರಾಜ್ಯದಲ್ಲಿ ಇದಾಯಿತು ಎಂಬುದನ್ನು ಆ ಮೂಲಗಳ ವಿರೋಧಿಗಳು ತಮ್ಮ ವಾದಕ್ಕೆ ಬಳಸಿಕೊಂಡರು. ಅದು ಸರಿಯಾದ ಓದಲ್ಲ. ಬಿಸಿಲು ಇಲ್ಲದಿದ್ದರೆ ಹಗಲಿನ ಕೊರತೆಯೂ ಸೇರಿಕೊಳ್ಳುತ್ತಿತ್ತು. ಸೋತದ್ದು ಮೆಗಾವ್ಯಾಟನ್ನು ಕೂಡುತ್ತ ಹೋಗಿ, ಸಂಜೆಯ ನಾಲ್ಕು ತಾಸುಗಳನ್ನು ಬೇರೆಯಾಗಿ ಎಣಿಸದ ಯೋಜನೆ.

ಸಂಜೆಗೆ ಉಳಿಸಿಡುವ ದಾರಿ ಎರಡು. ಬ್ಯಾಟರಿ ವೇಗವಾಗಿ ಅಗ್ಗವಾಗುತ್ತಿದೆ. ಎರಡು-ನಾಲ್ಕು ಗಂಟೆಯ ಮಟ್ಟಿಗೆ ಅದು ಒದಗುತ್ತದೆ, ಕೈಕೊಟ್ಟ ಮುಂಗಾರನ್ನು ತುಂಬಿಕೊಡಲಾರದು. ಇನ್ನೊಂದು ಪಂಪ್ಡ್ ಸ್ಟೋರೇಜ್. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ ಸಂಜೆ ಇಳಿಸುವುದು. ನೂರು ಯೂನಿಟ್ ಖರ್ಚು ಮಾಡಿ ಎತ್ತಿದರೆ 75-80 ಯೂನಿಟ್ ವಾಪಸು ಬರುತ್ತದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಭೂಮಿಯೊಳಗೆ ಸುರಂಗ ಕೊರೆದು 2,000 ಮೆಗಾವ್ಯಾಟಿನ ಇಂಥ ಯೋಜನೆ ಮಾಡಬೇಕೆಂದಿದೆ ಸರ್ಕಾರ. ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆಯಿಲ್ಲ ಎಂಬುದು ಅದರ ಬಲ. ಆದರೆ ಜಾಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಮರದಿಂದ ಮರಕ್ಕೆ ಹೋಗಿ ನೆಲಕ್ಕೆ ಇಳಿಯುವುದೇ ಅಪರೂಪವಾದ ಪ್ರಾಣಿಗೆ ಮೇಲ್ಛಾವಣಿ ಹರಿದ ಒಂದು ಅಗಲ ರಸ್ತೆಯೂ ಗೋಡೆಯಾಗುತ್ತದೆ. ಕಡಿದಾದ ಆ ಇಳಿಜಾರಿನಲ್ಲಿ ಸುರಂಗದ ಮಣ್ಣನ್ನು ಎಲ್ಲಿ ಸುರಿಯುವುದೆಂಬ ಪ್ರಶ್ನೆಯೂ ಇದೆ. ಬಯಲುಸೀಮೆಯ ಗುಡ್ಡಗಳಲ್ಲಿ ಇದೇ ತಂತ್ರಕ್ಕೆ ಜಾಗಗಳಿವೆ, ಸವದತ್ತಿಯಂಥ ಕಡೆ ಪ್ರಸ್ತಾವಗಳೂ ಬಂದಿವೆ. ವಿದ್ಯುತ್ತಿಗಾಗಿ ಮೊದಲೇ ಇಷ್ಟು ತೆತ್ತ ಕಣಿವೆಯಿಂದ ಮತ್ತೆ ಕೇಳುವ ಮುನ್ನ ಆ ಜಾಗಗಳನ್ನು ನೋಡಿ ಮುಗಿಸುವುದು ನ್ಯಾಯ. ಅದಕ್ಕಿಂತ ಸುಲಭದ ದಾರಿ ಈಗಾಗಲೇ ಆರಂಭವಾಗಿದೆ: ಮೂವತ್ತು ಲಕ್ಷ ದಾಟಿದ ಪಂಪ್‌ಸೆಟ್‌ಗಳಿಗೆ ರಾತ್ರಿಯ ಬದಲು ಹಗಲಲ್ಲೇ ವಿದ್ಯುತ್ ಕೊಡುವುದು. ಹಾವು ಚೇಳಿಗೆ ಹೆದರುತ್ತ ನಡುರಾತ್ರಿ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೋಗುವುದು ರೈತನಿಗೆ ತಪ್ಪುತ್ತದೆ, ಮಧ್ಯಾಹ್ನದ ಬಿಸಿಲಿಗೂ ಗಿರಾಕಿ ಸಿಗುತ್ತದೆ. ಬಾವಿಯಿಂದ ಹಗಲು ಮೇಲೆತ್ತಿದ ನೀರು ಕೂಡಿಟ್ಟ ವಿದ್ಯುತ್ತೇ. ಅಂತರ್ಜಲ ಇನ್ನಷ್ಟು ಬೇಗ ಬರಿದಾಗುವ ಅಪಾಯ ಇದರ ಜೊತೆಗೇ ಬರುತ್ತದೆ. ವಿದ್ಯುತ್ ಪುಕ್ಕಟೆಯಿರುವವರೆಗೆ ಅದಕ್ಕೆ ಮದ್ದು ಕಾಣದು.

ಖರ್ಚಿನ ಲೆಕ್ಕದಲ್ಲೂ ಹೊತ್ತು ಬರುತ್ತದೆ. ಹರಾಜಿನ 2.44 ರೂಪಾಯಿ ಸೌರ ವಿದ್ಯುತ್ತಿನ ದರವೇ ಹೊರತು ಸಂಜೆಯೂ ಸಿಗುವ ವಿದ್ಯುತ್ತಿನ ದರವಲ್ಲ. ಮಧ್ಯಾಹ್ನ ತಗ್ಗಿಸಿ ಸಂಜೆ ಏರಿಸಬೇಕಾದ ಉಷ್ಣ ಘಟಕಗಳಿಗೆ ನಡೆಯದ ಹೊತ್ತಿಗೂ ಎಸ್ಕಾಂಗಳು ನಿಗದಿತ ಶುಲ್ಕ ಕಟ್ಟುತ್ತವೆ, ಅದು ಗ್ರಾಹಕನ ಬಿಲ್ಲಿಗೆ ಬರುತ್ತದೆ. ಹಾಗೆಂದು ಕಲ್ಲಿದ್ದಲಿನ ದರವೂ ಪೂರ್ಣ ದರವಲ್ಲ. ಬೂದಿ ಹೊಂಡದ ಪಕ್ಕದ ಊರಿನ ಕೆಮ್ಮು ಅದರಲ್ಲಿ ಸೇರಿರುವುದಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜಿನಂತೆ, ಯಂತ್ರ ತಯಾರಿಕೆಯಿಂದ ಹಿಡಿದು ಎಲ್ಲವನ್ನೂ ಕೂಡಿದರೆ ಒಂದು ಯೂನಿಟ್ ಕಲ್ಲಿದ್ದಲು ವಿದ್ಯುತ್ತಿಗೆ 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬಿದ್ದರೆ ದೊಡ್ಡ ಸೌರ ಸ್ಥಾವರಕ್ಕೆ 48, ನೆಲದ ಗಾಳಿಯಂತ್ರಕ್ಕೆ 11. ಇಷ್ಟು ದೊಡ್ಡ ಅಂತರವನ್ನು ಮೇಲೆ ಹೇಳಿದ ಯಾವ ತೊಡಕೂ ಅಳಿಸಲಾರದು. ಹೋಗಬೇಕಾದ ದಿಕ್ಕಿನ ಬಗ್ಗೆ ವಾದವಿಲ್ಲ. ವಾದವಿರುವುದು ಯಾರ ನೆಲದ ಮೇಲೆ, ಯಾವ ಗಂಟೆಗೆ, ಯಾರ ಖರ್ಚಿನಲ್ಲಿ ಎಂಬುದರ ಬಗ್ಗೆ.

ಇನ್ನೂ ಬಾರದ ಒಂದು ಖರ್ಚಿದೆ. ಸೌರಫಲಕದ ಆಯುಷ್ಯ ಸುಮಾರು 25 ವರ್ಷ. ಅದರ ತೂಕದಲ್ಲಿ ಹೆಚ್ಚಿನದು ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟು, ಅವು ಮರುಬಳಕೆಗೆ ಬರುತ್ತವೆ. ಸಿಲಿಕಾನ್, ಬೆಳ್ಳಿ, ಸೀಸದ ಬೆಸುಗೆ ಇವನ್ನು ಅಂಟಿನ ಪದರದಿಂದ ಬಿಡಿಸುವುದಕ್ಕೆ ಸಿಗುವ ಲೋಹದ ಬೆಲೆಗಿಂತ ಖರ್ಚು ಹೆಚ್ಚು. ಗಾಳಿಯಂತ್ರದ ರೆಕ್ಕೆಯ ನಾರುಗಾಜಿಗೆ ಅಷ್ಟು ದಾರಿಯೂ ಇಲ್ಲ. 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನು ತಮ್ಮ ವ್ಯಾಪ್ತಿಗೆ ತಂದು ತಯಾರಕರ ಮೇಲೆ ಹೊಣೆ ಹೊರಿಸಿವೆ, ಆದರೆ ಫಲಕ ಮಾಡಿದ ಎಷ್ಟೋ ಕಂಪನಿಗಳು ಅಷ್ಟು ಕಾಲ ಬಾಳುವುದಿಲ್ಲ. ಪಾವಗಡದ ಗುತ್ತಿಗೆ 2040ರ ದಶಕದಲ್ಲಿ ಮುಗಿಯುತ್ತದೆ. ಅಲ್ಲಿ ಹೂತಿರುವ ಕಂಬಗಳನ್ನು ಕಿತ್ತು, ಬದು ಅಳಿಸಿಹೋದ ಹೊಲಗಳನ್ನು ಮತ್ತೆ ಅಳೆದು ಪಹಣಿದಾರರ ಮಕ್ಕಳಿಗೆ ಬಿಡಿಸಿಕೊಡುವ ಕೆಲಸಕ್ಕೆ ಹಣ ಈಗಿನಿಂದಲೇ ಬೇರೆ ಇಡಬೇಕು. ಗಣಿ ಕಂಪನಿಗಳು ಗಣಿ ಮುಚ್ಚುವ ಖರ್ಚಿಗೆ ಮುಂಗಡ ಭದ್ರತೆ ಕೊಡಬೇಕೆಂಬ ನಿಯಮ ದೇಶದಲ್ಲಿ ಆಗಲೇ ಇರುವುದರಿಂದ ಅದನ್ನು ಸೌರ ಪಾರ್ಕುಗಳಿಗೂ ವಿಸ್ತರಿಸುವುದು ಕಷ್ಟದ ಕೆಲಸವೇನಲ್ಲ.